ಸೆನ್ಸೇ ತಿಕೋಟಾಕ್ಕೆ ಉಣ್ಣಲು ಬಂದದ್ದು

ಜಪಾನಿನ ಅಧ್ಯಯನಕ್ಕೆ ಬೇಸಿಗೆ ಶಿಬಿರ, ಅದೂ ವಿಜಾಪುರದಲ್ಲಿ, ಅದೂ ಮೇ ತಿಂಗಳಲ್ಲಿ! ಎಪ್ಪತ್ತಾರನೇ ಇಸವಿಯಲ್ಲಿ ಈ ಸುದ್ದಿ ಕೇಳಿದವರೆಲ್ಲ ನಕ್ಕರು. ನಗದೆ ಇದ್ದವರು ಶಿಬಿರ ನಡೆಸಲು ಹೊರಟ ಶಿವಯೋಗೆಪ್ಪ ಸರ್ ಒಬ್ಬರೇ. ಹುಟ್ಟೂರು ಬಬಲೇಶ್ವರ, ಜಪಾನಿನ ಇತಿಹಾಸ ಪಾಠ ಮಾಡುವುದು ದೆಹಲಿಯಲ್ಲಿ.

"ರಜಾದಾಗ ನಮ್ಮ ಕಡೆ ಹಾಸ್ಟೆಲ್ ಖಾಲಿ ಬಿದ್ದಿರತಾವ. ಬಿಸಲ ಅಂತೀರಿ? ಆ ಬಿಸಲಾಗ ಯಾರೂ ಹೊರಗ ತಿರಗಾಡಾಕ ಹೋಗಂಗಿಲ್ಲ, ಒಳಗ ಕುಂತ ಓದತಾರ ಬಿಡ್ರಿ" ಎಂದು ಎಲ್ಲರ ಬಾಯಿ ಮುಚ್ಚಿಸಿದ್ದರು.

ಹಾಗೆ ಪುಣೆ, ದೆಹಲಿ, ಕಲಕತ್ತೆಯಿಂದ ಎಂ.ಎ. ವಿದ್ಯಾರ್ಥಿಗಳು ಟ್ರಂಕು ಹೊತ್ತುಕೊಂಡು ಗೋಳಗುಮ್ಮಟದ ಹತ್ತಿರದ ಹಾಸ್ಟೆಲ್ಲಿಗೆ ಬಂದಿಳಿದರು. ಪಾಠಕ್ಕೆ ಜಪಾನಿನಿಂದಲೇ ಮೊರಿಕಾವಾ ಎಂಬ ಹೆಣ್ಣುಮಗಳು ಬಂದರು. ಸಣ್ಣ ಆಳು, ನೆಟ್ಟಗಿನ ಬೆನ್ನು, ದೊಡ್ಡ ಕನ್ನಡಕ. ಎಲ್ಲರೂ ಅವರನ್ನು ಸೆನ್ಸೇ ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಗುರುಗಳನ್ನು ಕರೆಯುವ ಮಾತು ಅದು.

ನಮ್ಮ ಭಾಗದ ವಿದ್ಯಾರ್ಥಿ ಅಂತ ಇದ್ದವಳು ಒಬ್ಬಳೇ, ತಿಕೋಟಾದ ರಾಜಬಿ. ದ್ರಾಕ್ಷಿ ತೋಟದ ಯಾಕೂಬನ ಮಗಳು. ಧಾರವಾಡದಲ್ಲಿ ಸೋದರತ್ತೆ ಮಾಸುಮಬಿಯ ಮನೆಯಲ್ಲಿದ್ದು ಇತಿಹಾಸದ ಎಂ.ಎ. ಓದುತ್ತಿದ್ದಳು. ಜಪಾನಿನಲ್ಲಿ ಕೆಲಸ ಮಾಡಿ ಬಂದಿದ್ದ ಒಬ್ಬ ಇಂಜಿನಿಯರರ ಹತ್ತಿರ ಹಟ ಹಿಡಿದು ಆ ಭಾಷೆ ಕಲಿತಿದ್ದಳು. ಈ ಶಿಬಿರ ಪೂರ್ತಿ ಮಾಡಿದರೆ ಮುಂದೆ ಶಿವಯೋಗೆಪ್ಪ ಸರ್ ಕೈಕೆಳಗೆ ಜಪಾನಿನ ಮೇಲೆ ಸಂಶೋಧನೆ ಮಾಡಬಹುದು. ಮಾಡದಿದ್ದರೆ ಇಲ್ಲ, ಅಷ್ಟೇ.

ತೊಡಕಿದ್ದದ್ದು ಶಿಬಿರದ ಒಂದು ನಿಯಮದಲ್ಲಿ. ಹಾಸ್ಟೆಲ್ಲಿನ ಬಾಗಿಲೊಳಗೆ ಎದ್ದಾಗಿನಿಂದ ಮಲಗುವವರೆಗೆ ಜಪಾನಿ ಬಿಟ್ಟು ಬೇರೆ ಮಾತಿಲ್ಲ. ನೀರು ಬೇಕೆಂದರೂ, ತಲೆನೋವೆಂದರೂ ಅದರಲ್ಲೇ. ರಾಜಬಿಯೋ ತಿಕೋಟಾದ ಬಸ್ಸಿನಲ್ಲಿ ದಿನಾ ಬಂದು ಹೋಗುವವಳು. ಬೆಳಗಿನ ಪಾಠ ಅರ್ಧ ಮುಗಿದ ಮೇಲೆ ಬೆವರೊರೆಸುತ್ತ ಬಂದು ಕೂಡುತ್ತಿದ್ದಳು. ಸಂಜೆ ಊರಿಗೆ ಹೋದರೆ ಕಲಿತದ್ದೆಲ್ಲ ಕನ್ನಡದಲ್ಲಿ ಕರಗಿ ಹೋಗುತ್ತಿತ್ತು. ಎರಡನೆಯ ವಾರ ಸೆನ್ಸೇ ಅವಳನ್ನು ಕರೆದು, ಸೋಮವಾರ ಹಾಸಿಗೆ ತೆಗೆದುಕೊಂಡು ಬರಬೇಕು, ಇಲ್ಲವಾದರೆ ಈ ಜಾಗ ಬೇರೆಯವರಿಗೆ ಎಂದುಬಿಟ್ಟರು.

ಮನೆಯಲ್ಲಿ ಮಾತು ತೆಗೆದಾಗ ಅಬ್ಬಾ ಯಾಕೂಬ ಮೊದಲು ತನ್ನ ತಾಯಿಯ, ಅಂದರೆ ರಾಜಬಿಯ ದಾದಿಯ ಮುಖ ನೋಡಿದ. ದಾದಿ ಇಮಾಮಬಿಯದೊಂದು ಕಟ್ಟಳೆ. ತಮ್ಮ ಮನೆಯಲ್ಲಿ ಉಣ್ಣದವರ ಮಾಡಿನ ಕೆಳಗೆ ತಮ್ಮ ಮನೆಯ ಮಕ್ಕಳು ಮಲಗಬಾರದು. ಹೆಣ್ಣು ಕೊಡುವಾಗಲೂ ಹಾಗೆಯೇ, ಗಂಡುಮಕ್ಕಳನ್ನು ಕೆಲಸಕ್ಕೆ ಕಳಿಸುವಾಗಲೂ ಹಾಗೆಯೇ.

"ಹಾಸ್ಟೆಲ್ಲಿನ ಯಜಮಾನಿ ಯಾರು?" ಎಂದು ದಾದಿ ಕೇಳಿದಳು.

"ನಮ್ಮ ಸೆನ್ಸೇ, ದಾದಿ. ಹುಡುಗ್ಯಾರ ಖೋಲಿ ಬಾಜೂಕ ಮಲಗತಾರ."

"ಆಕಿ ಬರ್ಲಿ. ಉಣ್ಣಲಿ. ಉಣ್ಣೂದ ನೋಡಿದ್ರ ಮಂದಿ ಗೊತ್ತಾಗತಾರ."

ಭಾನುವಾರ ರಾಜಬಿ ವಿಜಾಪುರಕ್ಕೆ ಬಂದು, ಸೆನ್ಸೇಯನ್ನು ಕರೆದುಕೊಂಡು ತಿಕೋಟಾದ ಬಸ್ಸು ಹತ್ತಿದಳು. ಶಿವಯೋಗೆಪ್ಪ ಸರ್ ಮಾತ್ರ ಬರಲೊಪ್ಪಲಿಲ್ಲ. "ನಾ ಬಂದ್ರ ನಾನ ಮಾತಾಡತೇನಿ, ನೀ ಸುಮ್ಮ ಕುಂದರತಿ. ನಿನ್ನ ಜಾಗಾ ನೀನ ಗಳಿಸ್ಕೋ ತಂಗಿ" ಎಂದು ತಾವು ಬಬಲೇಶ್ವರದ ಬಸ್ಸು ಹಿಡಿದರು.

ಅಂಗಳದಲ್ಲಿ ಚಪ್ಪಲಿ ಬಿಟ್ಟು, ಅವನ್ನು ಜೋಡಿಸಿಟ್ಟು, ಸೆನ್ಸೇ ದಾದಿಯ ಮುಂದೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. ದಾದಿಗೆ ಹಿಡಿಸಿತು. ಅಮ್ಮಿ ಪೀರಾಂಬಿ ಚಾಪೆ ಹಾಸಿ, ಅದರ ಮೇಲೆ ಊಟದ ಬಟ್ಟೆ ಹರಡಿ ತಾಟು ಇಟ್ಟಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೋಳಿ ಸಾರು, ಅನ್ನ. ಸೆನ್ಸೇ ಒಂದೊಂದನ್ನೂ ಚೂರು ಬಿಡದೆ ಉಂಡರು. ಕೊನೆಯ ಅಗುಳನ್ನೂ ಬೆರಳಿನಿಂದ ಬಳಿದುಕೊಂಡರು.

ದಾದಿ ತಾಟು ನೋಡಿದಳು. ಖಾಲಿ! "ಏ ಪೀರಾಂಬಿ, ನೀಡ ಬೇ! ಪಾಪ, ಆ ಹಾಸ್ಟೆಲ್ಲಿನ್ಯಾಗ ಏನ ಹಾಕತಾರೋ ಏನೋ!"

ಮತ್ತೆ ಅನ್ನ ಬಿತ್ತು. ಸೆನ್ಸೇ ನಕ್ಕು, ತಲೆ ಬಾಗಿಸಿ, ಅದನ್ನೂ ಮುಗಿಸಿದರು. ತಾಟು ಖಾಲಿ. ಮತ್ತೆ ಬಿತ್ತು. ಈ ಸಲ ಅವರ ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಆಶಾಬಿ, "ಯಪ್ಪಾ, ಕಾಣಾಕ ಗುಬ್ಬಿ ಹಂಗ ಅದಾಳ, ಎಲ್ಲಿ ತುಂಬಕೋತಾಳ ಇದನ್ನೆಲ್ಲಾ?" ಎಂದು ಬಾಯಿಗೆ ಸೆರಗು ಹಿಡಿದಳು.

ರಾಜಬಿಗೆ ಆಗ ಹೊಳೆಯಿತು. ಸೆನ್ಸೇ ಊರಲ್ಲಿ ಅಗುಳು ಬಿಟ್ಟರೆ ಅಡುಗೆ ಮಾಡಿದವರಿಗೆ ಅವಮಾನ. ತಿಕೋಟಾದಲ್ಲಿ ತಾಟು ಖಾಲಿಯಾದರೆ ಹೊಟ್ಟೆ ತುಂಬಿಲ್ಲವೆಂದು ಅರ್ಥ. ಇಬ್ಬರೂ ಮರ್ಯಾದೆ ಬಿಡುವವರಲ್ಲ. ಹೀಗೇ ಬಿಟ್ಟರೆ ಸಂಜೆಯ ಹೊತ್ತಿಗೆ ಆಸ್ಪತ್ರೆಯೇ ಗತಿ.

ದಾದಿ ಈ ಸಲ ತಾನೇ ಸೌಟು ಎತ್ತಿದ್ದಳು. ರಾಜಬಿ ಆ ಸೌಟನ್ನು ಹಿಡಿದಳು. ಆ ಮನೆಯಲ್ಲಿ ದಾದಿಯ ಕೈಯನ್ನು ಯಾರೂ ಹಿಡಿದದ್ದಿಲ್ಲ.

"ಯಾಕ ಬೇ, ನನ್ನ ಕೈ ಹಿಡೀತಿ?"

"ದಾದಿ, ಅವರ ಕಡೆ ತಾಟನ್ಯಾಗ ಬಿಡೂದ ಪಾಪ. ನೀ ನೀಡೂತನಾ ಅವರು ಉಣತಾರ, ಅವರು ಉಣ್ಣೂತನಾ ನೀ ನೀಡತಿ. ಅವರ ಹೊಟ್ಟಿ ತುಂಬೇತಿ. ಸಾಕು."

ದಾದಿ ಸೆನ್ಸೇ ಮುಖ ನೋಡಿದಳು. ಸೆನ್ಸೇ ಸೌಟು ನೋಡುತ್ತಿದ್ದರು. ದಾದಿ ಗಡಗಡ ನಕ್ಕು ಸೌಟು ಕೆಳಗಿಟ್ಟಳು. "ಹಂಗಾದ್ರ ಮದಲ ಹೇಳಬಾರದೇನ, ಹುಚ್ಚಿ! ಮಂದಿ ಕೊಲ್ಲಸ್ತಿದ್ದಿ. ಆತು, ಈಗ ನಾ ಕೇಳತೇನಿ, ನೀ ಆಕೀಗ ಹೇಳು. ಇಷ್ಟ ದೂರ ಬಂದಾಳಲ್ಲ, ಆಕಿನ್ನ ಯಾರ ಕಳಿಸಿದ್ರು ಕೇಳು. ಅವರಪ್ಪ ಏನಂದ?"

ರಾಜಬಿ ಕೇಳಿದಳು. ಸೆನ್ಸೇ ಕನ್ನಡಕ ತೆಗೆದು ಒರೆಸಿ, ನಿಧಾನವಾಗಿ ಉತ್ತರ ಹೇಳಿದರು. ಅಪ್ಪ ಕಳಿಸಲಿಲ್ಲ. ಬೇಡ ಎಂದರು. ನಾನು ಬಂದೆ. ಅಂದಿನಿಂದ ಅವರು ನನ್ನೊಂದಿಗೆ ಮಾತು ಬಿಟ್ಟಿದ್ದಾರೆ.

ಈ ಮಾತನ್ನು ಅಬ್ಬಾನ ಮುಂದೆ ಹೇಗೆ ಆಡುವುದು? ಅವರಪ್ಪ ಆಶೀರ್ವಾದ ಮಾಡಿ ಕಳಿಸಿದ ಎಂದರೆ ಮುಗಿಯಿತು. ಇವತ್ತೇ ಹಾಸಿಗೆ ಬಸ್ಸಿನ ಮೇಲೆ. ಆ ಊರಿನಲ್ಲಿ ಅದನ್ನು ಸುಳ್ಳೆನ್ನುವವರು ಯಾರೂ ಇಲ್ಲ. ಆದರೆ ಸೆನ್ಸೇ ರಾಜಬಿಯ ಕಣ್ಣನ್ನೇ ನೋಡುತ್ತಿದ್ದರು. ಇವಳನ್ನು ನಂಬಿ ತಮ್ಮ ಮನೆಯ ಮಾತನ್ನು ಇವಳ ಕೈಗೆ ಕೊಟ್ಟಿದ್ದರು.

"ಅವರಪ್ಪ ಬ್ಯಾಡಂದ್ರಂತ, ದಾದಿ. ಇವರು ಬಂದ್ರಂತ. ಆವಾಗಿಂದ ಅಪ್ಪ ಮಾತ ಬಿಟ್ಟಾರಂತ" ಎಂದಳು ರಾಜಬಿ.

ಯಾಕೂಬ ದಿಗ್ಗನೆ ಎದ್ದ. "ಕೇಳಿದ್ಯಾ ಅಮ್ಮಾ? ಅಪ್ಪನ ಮಾತ ಮುರದಾಕಿ ಕೈಯಾಗ ನಮ್ಮ ಹುಡುಗೀನ ಕೊಡೂದ? ನಾಳೆ ಇಕಿನೂ ಅದನ್ನ ಕಲೀತಾಳ! ಬ್ಯಾಡ, ಆ ಶಿಬಿರ ಸಾಕು."

ರಾಜಬಿ ಏಳಲಿಲ್ಲ. ಅಳಲೂ ಇಲ್ಲ. "ಅಬ್ಬಾ, ನಾ ನಿಮ್ಮ ಮಾತ ಮುರದ ಹೋಗಾಕಿ ಅಲ್ಲ. ಆದ್ರ ನೀವು ಹೂಂ ಅನ್ನೂತನಾ ಈ ಚಾಪಿ ಬಿಟ್ಟ ಏಳಾಕೀನೂ ಅಲ್ಲ. ಇಲ್ಲೇ ಕುಂದರತೇನಿ."

"ಎಷ್ಟ ದಿನಾ ಕುಂದರತಿ?"

"ನಿಮಗ ಬ್ಯಾಸರ ಆಗೂತನಾ."

"ಬ್ಯಾಸರ ಆಗದಿದ್ರ?"

"ನನಗಂತೂ ಆಗಂಗಿಲ್ರಿ."

ಆಶಾಬಿ ಕಿಸಕ್ಕನೆ ನಕ್ಕಳು. ಯಾಕೂಬ ಅವಳತ್ತ ಕೆಂಗಣ್ಣು ಬಿಟ್ಟ. ಏನೂ ತಿಳಿಯದಿದ್ದರೂ ಸೆನ್ಸೇ ತಮ್ಮ ಬೆನ್ನನ್ನು ಇನ್ನಷ್ಟು ನೆಟ್ಟಗೆ ಮಾಡಿ ರಾಜಬಿಯ ಪಕ್ಕಕ್ಕೆ ಸರಿದು ಕೂತರು.

ದಾದಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. ಅದನ್ನು ಅಗಿದು ಮುಗಿಸುವವರೆಗೂ ಆ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ.

"ಯಾಕೂಬ, ಕುಂದರ ಲೇ. ಆ ಹೆಣಮಗಳು ಹೇಳೂ ಮುಂದ ನಾ ಆಕಿ ಮಾರಿ ನೋಡಾಕತ್ತಿದ್ದೆ. ಚಲೋ ಮಾತಲ್ಲ ಅಂತ ಅಲ್ಲೇ ಗೊತ್ತಾತು. ನಡುವ ನಿನ್ನ ಮಗಳ ಇದ್ಳು. ಅದನ್ನ ಸಕ್ಕರಿ ಹಚ್ಚಿ ಕೊಟ್ಟಿದ್ರ ನಮಗೇನ ತಿಳೀತಿತ್ತು? ನಿನಗ ಬರತೈತೇನ ಆ ಭಾಷಾ?"

"ಇಲ್ಲ."

"ನನಗೂ ಬರೂದಿಲ್ಲ. ತನಗ ತ್ರಾಸ ಆಗೂ ಮಾತನ್ನ ಇದ್ದದ್ದ ಇದ್ದಂಗ ತಂದ ಮುಂದಿಟ್ಟಾಳ. ಕಣ್ಣ ಮುಂದಿಲ್ಲದ ಕಡೆ ಕಳಸಾಕ ಇಂಥಾಕೀನ ಬೇಕು. ಹೋಗ್ಲಿ."

ಯಾಕೂಬ ಮಗಳ ಕಡೆ ತಿರುಗದೆಯೇ ಅಂದ: "ಜುಮ್ಮಾ ದಿನ ಬಂದ ಮಾರಿ ತೋರಿಸಬೇಕು."

"ಶುಕ್ರವಾರ ಪಾಠ ಇರತೈತ್ರಿ ಅಬ್ಬಾ. ಭಾನುವಾರ ಬರತೇನಿ."

"ಭಾನುವಾರ ಅಂದ್ರ ಭಾನುವಾರ!" ಎಂದು ಗದರಿದ. ಅದೇ ಹೂಂ ಎಂದು ಎಲ್ಲರಿಗೂ ತಿಳಿಯಿತು. ರಾಜಬಿ ಚಾಪೆಯಿಂದ ಎದ್ದಳು. ಕಾಲು ಜೋಮು ಹಿಡಿದಿತ್ತು.

ಸಂಜೆಯ ಬಸ್ಸಿನ ಮೇಲೆ ಯಾಕೂಬ ತಾನೇ ಹತ್ತಿ ಹಾಸಿಗೆ ಸುರುಳಿ ಕಟ್ಟಿದ. ಒಂದು ಗಂಟು ಸಾಲದೆಂದು ಮತ್ತೊಂದು ಹಾಕಿದ. "ಏ ಯಾಕೂಬಣ್ಣಾ, ವಿಜಾಪುರಕ್ಕ ಹೊಂಟಾರೋ ಜಪಾನಕ್ಕೋ?" ಎಂದ ಕಂಡಕ್ಟರ್.

"ಅದು ಆಕೀನ್ನ ಕೇಳಪಾ" ಎಂದು ಯಾಕೂಬ ಕೆಳಗಿಳಿದ.