ಮಾವನ ವ್ಯಾನು ವಾಲುಹಲಗೆ ಏರಿದ್ದು

ಸೋದರಮಾವ ಬಾಡಿ ಕಟ್ಟಿದ ವ್ಯಾನು ಪರೀಕ್ಷೆಗೆ ಬರುತ್ತದೆಂದು ಗೊತ್ತಾದಾಗಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿ, ಎಂಜಿನಿಯರಿಂಗ್ ಓದಿಸಿದವರು ಅದೇ ಮಾವ. ವ್ಯಾನು ಹಳ್ಳಿಹಳ್ಳಿ ತಿರುಗಿ ಕಣ್ಣು ತಪಾಸಣೆ ಮಾಡುವಂಥದ್ದು.

ಗಾಡಿ ಎಷ್ಟು ಓರೆಯಾದರೆ ಮಗುಚುತ್ತದೆಂದು ಅಳೆಯುವುದು ಅವಳ ಕೆಲಸ. ದೊಡ್ಡ ಉಕ್ಕಿನ ಹಲಗೆಯ ಮೇಲೆ ಗಾಡಿ ನಿಲ್ಲಿಸಿ, ಬೀಳದಂತೆ ಸರಪಳಿಗಳನ್ನು ಸಡಿಲವಾಗಿ ಕಟ್ಟಿ, ಹಲಗೆಯ ಒಂದು ಪಕ್ಕವನ್ನು ನಿಧಾನಕ್ಕೆ ಎತ್ತುತ್ತಾರೆ. ಮೇಲುಪಕ್ಕದ ಚಕ್ರ ಹಲಗೆ ಬಿಟ್ಟೇಳುವ ಕೋನವೇ ಆ ಗಾಡಿಯ ಹಣೆಬರಹ.

ಮಾವನ ಗಾಡಿಯೆಂದು ಮೇಲಧಿಕಾರಿಗೆ ಮೊದಲೇ ಹೇಳಿದ್ದಳು. "ಮುಚ್ಚಿಡದೆ ಹೇಳಿದೆಯಲ್ಲ, ಸಾಕು. ಅಳತೆ ನೀನೇ ನೋಡು, ನಾನೂ ಪಕ್ಕದಲ್ಲಿರ್ತೀನಿ. ಸಹಿ ನಂದು" ಎಂದಿದ್ದರು.

ಬೇಕಾದದ್ದು ಇಪ್ಪತ್ತೆಂಟು ಡಿಗ್ರಿ. ಇಪ್ಪತ್ತನಾಲ್ಕಕ್ಕೇ ಹಿಂಚಕ್ರ ಎದ್ದಿತು.

ಹಳದಿ ಗೆರೆಯಾಚೆ ನಿಂತಿದ್ದ ಮಾವ ಅವಳ ಮುಖ ನೋಡಿಯೇ ಅರ್ಥಮಾಡಿಕೊಂಡರು.

"ಆಗಲಿಲ್ಲ ಮಾವ."

"ಅಷ್ಟು ಓರೆ ರಸ್ತೇಲಿ ಗಾಡಿ ಓಡಿಸೋ ಪುಣ್ಯಾತ್ಮ ಯಾರು?"

"ರಸ್ತೆ ಓರೆ ಇರಬೇಕಿಲ್ಲ. ಜೋರಾಗಿ ಬಂದು ತಿರುವಲ್ಲಿ ಗಕ್ಕನೆ ತಿರುಗಿಸಿದ್ರೆ ಸಾಕು."

"ಇಷ್ಟು ವರ್ಷ ಕಟ್ಟಿದೀನಿ, ನಂದೊಂದು ಗಾಡೀನೂ ಬಿದ್ದಿಲ್ಲ. ಎತ್ತಿ ಆಡಿಸಿದ ಮಗು ಇವತ್ತು ನನಗೇ ಪಾಠ ಹೇಳ್ತಿದೆ" ಎಂದವರೇ ವ್ಯಾನು ಹತ್ತಿ ಹೊರಟುಬಿಟ್ಟರು.

ಆಮೇಲೆ ಅವಳ ಫೋನು ಎತ್ತಲಿಲ್ಲ. ಅತ್ತೆಯೇ ಕರೆ ಮಾಡಿದರು. "ಮೂಗಿನ ತುದೀಲೇ ಸಿಟ್ಟು ಅವರಿಗೆ, ನಿಂಗೇನು ಹೊಸದಾ? ಒಂದ್ಸಲ ಬಂದು ಹೋಗಮ್ಮ. ಆ ಗಾಡಿ ಸುತ್ತಾನೇ ಸುತ್ತುತಾ ಇದ್ದಾರೆ, ಮುಟ್ಟುತಾ ಇಲ್ಲ."

ಅವಳು ವರ್ಕ್‌ಶಾಪಿಗೆ ಹೋದಳು. ಮಾವ ವೆಲ್ಡಿಂಗ್ ಮುಖವಾಡ ತೆಗೆಯಲೇ ಇಲ್ಲ. ಅವಳು ಆ ಮುಖವಾಡಕ್ಕೇ ಹೇಳಿದಳು: "ನನ್ನ ಮಾತು ನಂಬಬೇಡಿ ಮಾವ. ಗಾಡಿ ಇನ್ನೊಂದ್ಸಲ ತನ್ನಿ. ಚಕ್ರ ಎದ್ದಿದ್ದು ನಿಮ್ಮ ಕೈಗೇ ಗೊತ್ತಾಗಲಿ."

ತಂದರು. ಅವಳು ಹಿಂಚಕ್ರದಡಿ ತೆಳ್ಳಗಿನ ತಗಡಿನ ಪಟ್ಟಿ ಇಟ್ಟು, ಅದಕ್ಕೆ ಕಟ್ಟಿದ ಉದ್ದ ಹಗ್ಗದ ತುದಿಯನ್ನು ಗೆರೆಯಾಚೆ ನಿಂತ ಮಾವನ ಕೈಗೆ ಕೊಟ್ಟಳು. ಹಲಗೆ ಏಳತೊಡಗಿತು. ಮಾವ ಜಗ್ಗಿದರು, ಪಟ್ಟಿ ಕದಲಲಿಲ್ಲ. ಇನ್ನಷ್ಟು ಎದ್ದಿತು, ಆಗಲೂ ಇಲ್ಲ. ಇಪ್ಪತ್ತನಾಲ್ಕು ಮುಟ್ಟಿದ್ದೇ ತಡ, ಬೆಣ್ಣೆಯಿಂದ ಕೂದಲು ತೆಗೆದಂತೆ ಪಟ್ಟಿ ಜಾರಿ ಬಂತು.

ಮಾವ ಆ ಪಟ್ಟಿಯನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. "ಒಳಗೆ ಕಣ್ಣಿನ ಡಾಕ್ಟರಮ್ಮ ಇರ್ತಾರೆ, ನರ್ಸು ಇರ್ತಾರೆ..." ಎಂದು ಮಾತು ಅಲ್ಲಿಗೇ ಬಿಟ್ಟು, "ಏಣಿ ಎಲ್ಲಿದೆ?" ಎಂದರು.

ಹಲಗೆ ಇಳಿದ ಮೇಲೆ ಇಬ್ಬರೂ ಚಾವಣಿ ಹತ್ತಿದರು. ನೀರಿನ ಟ್ಯಾಂಕು, ಜನರೇಟರು, ಎರಡು ಎಸಿ.

"ಜಾಗ ಉಳಿಸೋಕೆ ಹೋಗಿ ಎಲ್ಲಾ ನೆತ್ತಿ ಮೇಲೆ ಹೇರಿಬಿಟ್ಟೆ" ಎಂದರು ಮಾವ. "ಟ್ಯಾಂಕೂ ಜನರೇಟರೂ ಕೆಳಗಿಳಿಸಿದ್ರೆ?"

"ಆಗಬಹುದು. ಆದ್ರೆ ಗಾಡಿ ನೆಲ ಕತ್ತರಿಸಬೇಕು."

"ಕತ್ತರಿಸೋಣ. ಕಟ್ಟಿದವನೇ ಕತ್ತರಿಸಿದ್ರೆ ಗಾಡಿಗೆ ನೋವಾಗಲ್ಲ."

ಅವಳಿಗೆ ನಗು ಬಂತು. ಮಾವನೂ ನಕ್ಕರು.

ಮುಂದಿನ ಸಲ ಇಪ್ಪತ್ತೆಂಟು ದಾಟಿದರೂ ಚಕ್ರ ಹಲಗೆಗೆ ಅಂಟಿಕೊಂಡೇ ಇತ್ತು. ಮೂವತ್ತರ ಹತ್ತಿರ ಬಂದ ಮೇಲಷ್ಟೇ ಎದ್ದದ್ದು. ಮೇಲಧಿಕಾರಿ ಮತ್ತೊಮ್ಮೆ ಅಂಕಿ ನೋಡಿ ಸಹಿ ಹಾಕಿದರು. ಅವಳು ಸರಪಳಿ ಬಿಚ್ಚಿಸಿದಳು.

ಮಾವ ಮಾತ್ರ ಹೊರಡಲಿಲ್ಲ. ಬಾಗಿಲ ಬಳಿ ನಿಂತು ಕತ್ತು ತುರಿಸಿಕೊಂಡರು.

"ಇದೇ ಥರ ನೆತ್ತಿ ಮೇಲೆ ಹೇರಿ ಕಟ್ಟಿದ ಇನ್ನೂ ಎರಡು ಗಾಡಿ ರಸ್ತೆ ಮೇಲೆ ಓಡ್ತಿವೆ ಕಣಮ್ಮ. ಯಾರೂ ಕೇಳಿಲ್ಲ. ಆದ್ರೂ ಕರೆಸಿಬಿಡೋಣ ಅಂತ. ನಿನ್ನ ಹಲಗೆ ಯಾವಾಗ ಖಾಲಿ ಇರುತ್ತೆ?"

"ಮಂಗಳವಾರ ಇದೆ ಮಾವ" ಎನ್ನುವಷ್ಟರಲ್ಲಿ ಅವರು ಆ ಎರಡರಲ್ಲಿ ಒಂದು ಗಾಡಿಯ ಡ್ರೈವರಿಗೆ ಫೋನು ಹಚ್ಚಿಯಾಗಿತ್ತು.