ಮೂಸಿ ನೋಡುವ ಕೆಲಸ

ಪುಟ್ಟ ನಾಯಿಗಳ ಕ್ಷೌರದಂಗಡಿಯಲ್ಲಿ ಅವಳದು ಪಳಗಿದ ಕೈ. ಜೋಲುಕಿವಿಯನ್ನು ಮಗುಚಿ, ಹತ್ತಿ ಮುಟ್ಟಿಸುವ ಮೊದಲು ಮೂಸಿ ನೋಡುತ್ತಿದ್ದಳು. ಕೆಟ್ಟ ವಾಸನೆ ಬಂದರೆ ಒಳಗೆ ಕೀವಾಗಿದೆ ಎಂದರ್ಥ. ಆಗ ನಾಯಿ ಸಾಕಿದವರ ಗ್ರಹಚಾರ ಬಿಡಿಸುತ್ತಿದ್ದಳು.

"ಒಂದೇ ಮನೇಲಿದ್ದು ವಾಸನೆ ಗೊತ್ತಾಗ್ಲಿಲ್ವಾ? ಕರೆದ್ರೆ ಬರಲ್ಲ ಅಂದಾಗ್ಲಾದ್ರೂ ನೋಡ್ಬಾರ್ದಿತ್ತಾ?"

"ವಯಸ್ಸಾಯ್ತಲ್ಲ, ಅದಕ್ಕೇ ಅಂದ್ಕೊಂಡ್ವಿ" ಎಂದು ಅವರು ತಲೆ ತಗ್ಗಿಸುತ್ತಿದ್ದರು.

ಅವಳ ಮನೆಯಲ್ಲಿ, ಎಷ್ಟು ಕೂಗಿದರೂ ಅತ್ತೆ ಓಗೊಡುತ್ತಿರಲಿಲ್ಲ. ಅದು ಜಾಣಕಿವುಡು ಎಂದು ಸೊಸೆ ತೀರ್ಮಾನಿಸಿ ಎರಡು ವರ್ಷವಾಗಿತ್ತು. ಊಟದ ತಟ್ಟೆಯನ್ನು ಕೋಣೆಯ ಬಾಗಿಲಲ್ಲಿಟ್ಟು, ಚಮಚದಿಂದ ಬಡಿದು ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಅತ್ತೆ ತಲೆಸುತ್ತಿ ಬಿದ್ದರು. ಕಂಕುಳಿಗೆ ಕೈಕೊಟ್ಟು ಎತ್ತುವಾಗ ಆ ಬಿಳಿತಲೆ ಅವಳ ಕೆನ್ನೆಗೆ ಒರಗಿತು. ಅದೇ ವಾಸನೆ.

ಕೀವು ಮೂಳೆಯನ್ನು ತಿಂದು ಮಿದುಳಿಗಿಳಿದಿದೆ, ಇನ್ನು ಹೆಚ್ಚು ದಿನವಿಲ್ಲ ಎಂದರು ಡಾಕ್ಟರು. ಆಮೇಲೆ ಕೇಳಿದರು, "ಒಂದೇ ಮನೇಲಿದ್ದೀರಿ, ವಾಸನೆ ಗೊತ್ತಾಗ್ಲಿಲ್ವಾ?"

ಅವಳು ಹತ್ತಿರವೇ ಹೋಗಿರಲಿಲ್ಲ.

"ವಯಸ್ಸಾಯ್ತಲ್ಲ ಡಾಕ್ಟ್ರೇ," ಎಂದಳು, "ಅದಕ್ಕೇ ಅಂದ್ಕೊಂಡ್ವಿ."