ಕತ್ತರಿಸಿದ ಅಂಚು

ಭೇಲೂಪುರದ ತನ್ನ ಆಫೀಸಿಗೆ ಬಂದು ಕೂತ ವಿದೇಶಿ ಅಧಿಕಾರಿಯ ಮೇಲೆ ದುಪಟ್ಟಾ ವ್ಯಾಪಾರಿ ವಾಸುದೇವ ಒಂದು ಕಣ್ಣಿಟ್ಟೇ ಇದ್ದ. ಹತ್ತು ದೇಶಗಳ ವ್ಯಾಪಾರ ಒಕ್ಕೂಟವೊಂದು ವರ್ಷಕ್ಕೆ ಇಂತಿಷ್ಟೇ ಬನಾರಸಿ ದುಪಟ್ಟಾ ಕೊಳ್ಳುತ್ತೇವೆಂದು ಮಿತಿ ಹಾಕಲು ಹೊರಟಿತ್ತು. ಕೈಮಗ್ಗದ್ದಾದರೆ ಮಾತ್ರ ವಿನಾಯಿತಿ. ಅದನ್ನು ಪರೀಕ್ಷಿಸಲು ಬಂದ ಈ ಅಧಿಕಾರಿ, ತನಗೆ ಕೊಟ್ಟ ಚಹಾ ಮುಟ್ಟಲಿಲ್ಲ. ಅದರಲ್ಲೂ ಏನೋ ಮಸಲತ್ತಿದೆ ಅನ್ನಿಸಿತು ವಾಸುದೇವನಿಗೆ. ದುಭಾಷಿಯಾಗಿ ಕೂತ ಅಣ್ಣನ ಮಗಳು ಸಾತ್ವಿಕಾ ಅಧಿಕಾರಿಯೊಂದಿಗೆ ಮೆಲ್ಲಗೆ ಮಾತಾಡಿದಾಗ ಅವಳ ಮೇಲೂ ಅನುಮಾನ ಬಂತು.

ಅಧಿಕಾರಿ ಪ್ರತಿ ದುಪಟ್ಟಾದ ಅಂಚನ್ನೂ ಬೆಳಕಿಗೆ ಹಿಡಿದು ನೋಡಿ, ಇಲ್ಲವೆಂದು ತಲೆಯಾಡಿಸಿದ.

“ಕಾಕಾ, ಕೈಮಗ್ಗದಾಗ ಬಟ್ಟಿ ಬಿಗಿ ಹಿಡಿಯೋ ಪಿನ್ನಿಂದ ಅಂಚಿಗೆ ಸಣ್ಣ ತೂತು ಬೀಳ್ತಾವಲ್ಲ, ಅವನ್ನ ಹುಡುಕ್ಲಿಕ್ಕತ್ತಾರ,” ಎಂದಳು ಸಾತ್ವಿಕಾ. “ಒಂದರಾಗೂ ಇಲ್ಲಂತ.”

ವಾಸುದೇವ ಹಣೆ ಚಚ್ಚಿಕೊಂಡ. “ತೂತು ಕಂಡ್ರ ಮಾಲ್ ಖರಾಬ್ ಅಂತ ತಕರಾರು ತೆಗೀತಾನ ಅಂತ, ಸೋನಾರ್‌ಪುರದ ದರ್ಜಿ ಕಡೆ ಎಲ್ಲಾ ಅಂಚು ಕತ್ತರಿಸಿ, ಮಡಚಿ ಹೊಲಿಸೀನಿ!”

ಸಾತ್ವಿಕಾ ಅದನ್ನು ಹೇಳಿದರೂ ಅಧಿಕಾರಿ ನಂಬಲಿಲ್ಲ. ಆಗ ಅವನ ಕಣ್ಣು ದುಪಟ್ಟಾಗಳ ಕಟ್ಟಿಗೆ ಸುತ್ತಿದ್ದ ರೇಷ್ಮೆ ಪಟ್ಟಿಯ ಮೇಲೆ ಬಿತ್ತು. ಕತ್ತರಿಸಿದ ಅಂಚನ್ನೇ ದರ್ಜಿ ಕಟ್ಟಲು ಬಳಸಿದ್ದ. ಅದರುದ್ದಕ್ಕೂ ತೂತುಗಳಿದ್ದವು. ವಾಸುದೇವನಿಗೆ ಹೋದ ಜೀವ ಬಂದಂತಾಯಿತು.

ಅಧಿಕಾರಿ ಮೊದಲ ಸಲ ನಕ್ಕು ಏನೋ ಹೇಳಿದ.

“ಏನಂದ?”

“ಇದು ಅಪ್ಪಟ ಕೈಮಗ್ಗದ್ದಂತ, ಕಾಕಾ.” ಸಾತ್ವಿಕಾ ತಲೆ ಎತ್ತಲಿಲ್ಲ. “ಈ ಕಟ್ಟೋ ಪಟ್ಟಿ ಎಷ್ಟು ಬೇಕಾದ್ರೂ ಕಳಸ್ರಿ ಅಂದ್ರು. ಮಿತಿ ದುಪಟ್ಟಾಕ್ಕಷ್ಟ ಅಂತ.”